ಮುಳ್ಳು ಮೇಲಿದ್ದ ಬೇಸಿಗೆ

2011ರ ಬೇಸಿಗೆಯಲ್ಲಿ ನಾನು ಚಿಕ್ಕೋಡಿ ಉಪವಿಭಾಗದ ಒಂದು ಪುರಸಭೆಯಲ್ಲಿ ನೀರು ಸರಬರಾಜು ವಿಭಾಗದ ಜೂನಿಯರ್ ಎಂಜಿನಿಯರ್ ಆಗಿದ್ದೆ. ಊರಿನ ಹೆಸರು ಬರೆಯುವುದಿಲ್ಲ. ಆ ದಿನ ಅಲ್ಲಿದ್ದವರಲ್ಲಿ ಹೆಚ್ಚಿನವರು ಇನ್ನೂ ಇದ್ದಾರೆ, ಮತ್ತು ಅವರಲ್ಲಿ ಕೆಟ್ಟವರು ಎಂದು ಬೆರಳು ಮಾಡಿ ತೋರಿಸಬಹುದಾದವರು ಯಾರೂ ಇರಲಿಲ್ಲ ಎಂದೇ ನನ್ನ ಅಭಿಪ್ರಾಯ. ಅದಕ್ಕಾಗಿಯೇ ಆ ದಿನ ನನ್ನನ್ನು ಇಂದಿಗೂ ಹೆದರಿಸುತ್ತದೆ. ಅಥಣಿ, ರಾಯಬಾಗ, ನಿಪ್ಪಾಣಿ ಅಂತ ಆಮೇಲೆ ಹಲವು ಕಡೆ ಕೆಲಸ ಮಾಡಿದೆ. ಎಲ್ಲಿಗೆ ಹೋದರೂ ಕಬ್ಬಿಣದ ಏಣಿ ಅಲುಗಿದ ಸದ್ದು ಕೇಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ತಲೆಯೆತ್ತಿ ನೋಡುತ್ತೇನೆ.

ಮೊದಲು ಆ ಊರಿನ ನೀರಿನ ವ್ಯವಸ್ಥೆ ಹೇಳಬೇಕು. ನದಿಯ ದಂಡೆಯಲ್ಲಿ ಒಂದು ಜಾಕ್‌ವೆಲ್, ಅಂದರೆ ನದಿಯ ನೀರನ್ನು ಎತ್ತಲು ಕಟ್ಟಿದ ಆಳವಾದ ಬಾವಿ. ಅದರಲ್ಲಿ ಎರಡು ಪಂಪು. ಒಂದು ಓಡುವಾಗ ಇನ್ನೊಂದಕ್ಕೆ ವಿಶ್ರಾಂತಿ. ಅಲ್ಲಿಂದ ನೀರು ಶುದ್ಧೀಕರಣ ಘಟಕಕ್ಕೆ ಬಂದು, ಬಳಿಕ ಪುರಸಭೆಯ ಆವರಣದಲ್ಲೇ ಇದ್ದ ದೊಡ್ಡ ಓವರ್‌ಹೆಡ್ ಟ್ಯಾಂಕಿಗೆ ಏರುತ್ತಿತ್ತು. ಊರಿನವರು ಅದನ್ನು ಟಾಕಿ ಎನ್ನುತ್ತಿದ್ದರು. ಟಾಕಿಯಿಂದ ಓಣಿಓಣಿಗೆ ನೀರು ಬಿಡುವವನು ಪರಸಪ್ಪ, ನಮ್ಮ ವಾಲ್ವ್‌ಮನ್. ಸೈಕಲ್ಲಿನ ನಡುಗಂಬಿಗೆ ವಾಲ್ವ್ ತಿರುವುವ ಎದೆಯೆತ್ತರದ ಕಬ್ಬಿಣದ ಚಾವಿ ಕಟ್ಟಿಕೊಂಡು ಬರುತ್ತಿದ್ದ. ಓಣಿಯ ಬಾಯಲ್ಲಿ ಸೈಕಲ್ ನಿಲ್ಲಿಸಿ ಎರಡು ಸಲ ಗಂಟೆ ಬಾರಿಸುವನು. ಹೆಂಗಸರು ಕೊಡ ತೊಳೆದು ನಲ್ಲಿಯ ಕೆಳಗೆ ಇಡುವಷ್ಟು ಹೊತ್ತು ಕೊಟ್ಟು, ಆಮೇಲೆ ನೆಲದೊಳಗಿನ ವಾಲ್ವ್ ತಿರುವುವನು. ಇದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. "ಮೊದಲ ಬರೂ ನೀರು ಮಣ್ಣಿಗೆ ಹೋಗಬಾರ್ದರಿ ಮ್ಯಾಡಮ್" ಅನ್ನುತ್ತಿದ್ದ.

ಟಾಕಿಯ ಹೊರಮೈಗೆ ಒಂದು ಮಟ್ಟಸೂಚಿ ಇತ್ತು. ಒಳಗೆ ನೀರಿನ ಮೇಲೆ ತೇಲುವ ಒಂದು ಡಬ್ಬಿ. ಅದಕ್ಕೆ ಕಟ್ಟಿದ ತಂತಿ ಟಾಕಿಯ ನೆತ್ತಿಯ ಮೇಲಿನ ಗಾಲಿಯನ್ನು ಹಾದು ಹೊರಗಿಳಿದು, ಕೊನೆಯಲ್ಲಿ ಒಂದು ಕೆಂಪು ತಗಡು ತೂಗುತ್ತಿತ್ತು. ಜನ ಅದನ್ನು ಮುಳ್ಳು ಎನ್ನುತ್ತಿದ್ದರು. ಬಾವಿಯ ಗಡಗಡಿಯ ಹಾಗೆ ಇದರ ಲೆಕ್ಕ: ಒಳಗೆ ನೀರು ಏರಿದರೆ ಡಬ್ಬಿ ಏರುತ್ತದೆ, ಹೊರಗಿನ ಮುಳ್ಳು ಇಳಿಯುತ್ತದೆ. ನೀರು ಇಳಿದರೆ ಮುಳ್ಳು ಏರುತ್ತದೆ. ಅಂದರೆ ಮುಳ್ಳು ಮೇಲ್ತುದಿಯಲ್ಲಿದ್ದರೆ ಟಾಕಿ ಬರಿದು. ಇದು ನನಗೆ, ಪರಸಪ್ಪನಿಗೆ, ಪಂಪಿನ ಆಪರೇಟರ್‌ಗಳಿಗೆ ಗೊತ್ತಿತ್ತು. ಊರಿಗೆ ಗೊತ್ತಿರಲಿಲ್ಲ. ನಲ್ಲಿಯಲ್ಲಿ ನೀರು ಬರುತ್ತಿರುವ ತನಕ ಆ ತಗಡನ್ನು ಯಾರು ನೋಡುತ್ತಾರೆ?

ಇನ್ನು ಪುರಸಭೆ. ಇಪ್ಪತ್ತಮೂರು ಸದಸ್ಯರಲ್ಲಿ ಒಬ್ಬರು ತೀರಿಕೊಂಡು ಉಳಿದವರು ಹನ್ನೊಂದು, ಹನ್ನೊಂದು. ಒಂದು ಗುಂಪಿನ ನಾಯಕ ಕಬ್ಬಿನ ಲಾರಿಗಳ ಮಾಲೀಕ, ಊರು ಅವರನ್ನು ಅಣ್ಣಾ ಅನ್ನುತ್ತಿತ್ತು. ಇನ್ನೊಂದರ ನಾಯಕ ತಂಬಾಕಿನ ವ್ಯಾಪಾರಿ, ವಯಸ್ಸಿನಲ್ಲಿ ಹಿರಿಯರು, ಅವರು ಕಾಕಾ. ಚೀಟಿ ಎತ್ತಿ ಅಧ್ಯಕ್ಷರನ್ನು ಆರಿಸಿದಾಗ ಅದೃಷ್ಟ ಕಾಕಾ ಗುಂಪಿಗೆ ಒಲಿದಿತ್ತು. ಎರಡೂ ಗುಂಪುಗಳಿಗೆ ಬೇರೆ ಬೇರೆ ಪಕ್ಷಗಳ ಬಾವುಟವಿತ್ತು. ಆದರೆ ಮದುವೆ, ಸಾವಿನ ಮಣ್ಣು, ಬಾಣಂತನಕ್ಕೆ ಇಬ್ಬರೂ ಎಲ್ಲರ ಮನೆಗೂ ಹೋಗುವವರು. ನಾನು ಆ ಊರಿಗೆ ಹೋದ ಹೊಸದರಲ್ಲಿ ಬಾಡಿಗೆಗೆ ಮನೆ ಹುಡುಕಿಕೊಟ್ಟವರು ಅಣ್ಣಾ. ನನ್ನ ಮಗಳಿಗೆ ಜ್ವರ ಬಂದಾಗ ತಮ್ಮ ಜೀಪಿನಲ್ಲಿ ನಿಪ್ಪಾಣಿಯ ಆಸ್ಪತ್ರೆಗೆ ಕಳಿಸಿದವರು ಕಾಕಾ.

ಆ ವರ್ಷದ ಬಜೆಟ್‌ನಲ್ಲಿ ಒಂದು ಗಂಟು ಇತ್ತು. ನೀರಿನ ದರ ಏರಿಸಬೇಕೆಂದು ಮೇಲಿನಿಂದ ಸೂಚನೆ ಬಂದಿತ್ತು, ಅದನ್ನು ಬಜೆಟ್ ಜೊತೆಯಲ್ಲೇ ಸಭೆ ಒಪ್ಪಬೇಕಿತ್ತು. ಒಪ್ಪಿದವರು ದರ ಏರಿಸಿದವರಾಗುತ್ತಾರೆ. ಒಪ್ಪದಿದ್ದರೆ ಪುರಸಭೆಯ ಕೆಲಸ ನಿಲ್ಲುತ್ತದೆ, ನಿಲ್ಲಿಸಿದವರೆಂಬ ಹೆಸರು ಬರುತ್ತದೆ. ಹಾಗಾಗಿ ಎರಡೂ ಗುಂಪಿಗೆ ಬೇಕಾಗಿದ್ದು ಒಂದೇ: ಎದುರಿನವರು ಮೊದಲು ಸಭೆಗೆ ಹೋಗಲಿ, ಸಭೆ ಆರಂಭಿಸಿದ ಅಪವಾದ ಅವರ ತಲೆಗಿರಲಿ, ಆಮೇಲೆ ನಾವು ಹೋಗಿ ಬಡವರ ಪರವಾಗಿ ನಾಲ್ಕು ಮಾತಾಡಿ ಕೂತರಾಯಿತು.

ಪುರಸಭೆಯ ಎದುರು, ರಸ್ತೆಯ ಆಚೆ, ಎರಡು ಚಹಾದಂಗಡಿ. ಒಂದು ಅಣ್ಣಾ ಗುಂಪಿನ ಠಾವು, ಇನ್ನೊಂದು ಕಾಕಾ ಗುಂಪಿನದು. ಸಭೆಯ ದಿನ ಎಲ್ಲ ಸದಸ್ಯರೂ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಬಂದು ಆ ಅಂಗಡಿಗಳಲ್ಲಿ ಕೂರುತ್ತಿದ್ದರು. ಸಭೆ ಕರೆದ ಅಧ್ಯಕ್ಷರೂ ಕಾಕಾನ ಪಕ್ಕದಲ್ಲಿ ಚಹಾ ಕುಡಿಯುತ್ತ ತಮ್ಮದೇ ಸಭೆಯ ಬಾಗಿಲು ನೋಡುತ್ತ ಕೂತಿರುತ್ತಿದ್ದರು. ಮುಖ್ಯಾಧಿಕಾರಿಗಳು ಖಾಲಿ ಹಾಲ್‌ನಲ್ಲಿ ಫ್ಯಾನ್ ಹಾಕಿಸಿ ಕಾದು, ಹಾಜರಾತಿ ಇಲ್ಲವೆಂದು ಬರೆದು ಏಳುತ್ತಿದ್ದರು.

ಸದಸ್ಯರಲ್ಲಿ ಕೆಲವರಿಗೆ ಇದು ಬೇಸರ ತಂದಿತ್ತು. ಯಾರಾದರೂ ಮೆತ್ತಗಾಗಿ ಹೋಗಿಬಿಟ್ಟಾರು ಎಂದು ಅಣ್ಣಾ ತಮ್ಮವರಿಗೆ ಭಂಡಾರ ಮುಟ್ಟಿಸಿ ಆಣೆ ಹಾಕಿಸಿದರು. ಭಂಡಾರ ಅಂದರೆ ದೇವರ ಅರಿಶಿನಪುಡಿ. ನಮ್ಮ ಕಡೆ ಕೋರ್ಟಿನ ಕಾಗದಕ್ಕಿಂತ ಅದಕ್ಕೆ ಅಂಜುವವರು ಹೆಚ್ಚು. "ಅವರು ಹೋಗೂಮಟ ನಾವು ಹೊಸ್ತಲಾ ದಾಟಂಗಿಲ್ಲ. ದಾಟಿದ್ರ ನಮ್ಮ ಮಕ್ಕಳು ಮರಿಗೆ ತಟ್ಟಲಿ" ಎಂಬ ಆಣೆ. ಸುದ್ದಿ ರಸ್ತೆ ದಾಟಲು ಎಷ್ಟು ಹೊತ್ತು? ಕಾಕಾ ಕೂಡ ತಮ್ಮವರಿಗೆ ಅದೇ ಆಣೆ ಹಾಕಿಸಿದರು. ಹೀಗೆ ಒಂದೇ ಪುರಸಭೆಯ ಎರಡು ಗುಂಪುಗಳು ಎದುರಿನವರ ನಂತರವೇ ಹೋಗುತ್ತೇವೆಂದು ದೇವರ ಮುಂದೆ ಮಾತು ಕೊಟ್ಟು ಕೂತವು. ಚಹಾದಂಗಡಿಯ ಮಾಲೀಕನೊಬ್ಬ ನನ್ನ ಮುಂದೆ ಹೇಳಿದ್ದು ನೆನಪಿದೆ: "ಮ್ಯಾಡಮ್, ಈಗ ದೇವ್ರ ಬಂದ ಸಭಾ ನಡಸ್ಬೇಕ ನೋಡ್ರಿ. ಅಂವಾ ಒಬ್ಬನ ಆಣಿ ಮಾಡಿಲ್ಲ."

ಏಪ್ರಿಲ್ ಬಂತು, ಹೊಸ ಆರ್ಥಿಕ ವರ್ಷ ಶುರುವಾಯಿತು, ಬಜೆಟ್ ಇಲ್ಲ. ಸಂಬಳ ಮತ್ತು ಸಣ್ಣಪುಟ್ಟ ಖರ್ಚು ಬಿಟ್ಟರೆ ಮಿಕ್ಕಿದ್ದೆಲ್ಲ ನಿಂತಿತು. ಬೀದಿದೀಪ ಕೆಟ್ಟರೆ ಕೆಟ್ಟಿತು. ಗಟಾರ ತುಂಬಿದರೆ ತುಂಬಿತು. ಆಗ ಜಾಕ್‌ವೆಲ್ಲಿನ ಎರಡು ಪಂಪುಗಳಲ್ಲಿ ಒಂದರ ಮೋಟರ್ ಸುಟ್ಟುಹೋಯಿತು. ತೀರಾ ಹಳೆಯದು, ಒಳಗಿನ ತಂತಿ ಮತ್ತೆ ಸುತ್ತಿಸಿದರೂ ಬಾಳುವಂಥದ್ದಲ್ಲ. ಹೊಸದು ತರಿಸುವುದು ಮುಖ್ಯಾಧಿಕಾರಿಗಳ ಅಧಿಕಾರ ಮೀರಿದ ಕೆಲಸ. ಅವರು ಬೆಳಗಾವಿಯ ಜಿಲ್ಲಾ ಕಚೇರಿಗೆ ಬರೆದರು. "ಸಭೆಯ ಮುಂದಿಡಿ" ಎಂದು ಉತ್ತರ ಬಂತು. ಉಳಿದ ಪಂಪು ವಿಶ್ರಾಂತಿಯಿಲ್ಲದೆ ಓಡಿತು. ನದಿಯಲ್ಲಿ ನೀರು ಇಳಿದಂತೆಲ್ಲ ಅದರ ಉಸಿರೂ ಇಳಿಯಿತು. ಎರಡು ದಿನಕ್ಕೊಮ್ಮೆ ಬರುತ್ತಿದ್ದ ನೀರು ನಾಲ್ಕು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ ಆಯಿತು. ಮೇ ತಿಂಗಳಲ್ಲಿ ಆ ಪಂಪೂ ನಿಂತಿತು.

ಅಣ್ಣಾನ ಲಾರಿಗಳು ಟ್ಯಾಂಕರ್ ಎಳೆದುಕೊಂಡು ಅವರ ವಾರ್ಡುಗಳಿಗೆ ನೀರು ಹಂಚಿದವು. ಕಾಕಾ ತಮ್ಮ ತೋಟದ ಬೋರ್‌ವೆಲ್‌ನಿಂದ ತಮ್ಮ ವಾರ್ಡುಗಳಿಗೆ ಪೈಪು ಎಳೆಸಿದರು. ಇಬ್ಬರೂ ಬಿಸಿಲಲ್ಲಿ ನಿಂತು, ಬೆವರು ಸುರಿಸುತ್ತ, ಕೊಡಗಳನ್ನು ತಾವೇ ಎತ್ತಿ ಕೊಟ್ಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದು ನಾಟಕವಲ್ಲ. ಆದರೆ ಕೊಡ ಎತ್ತಿ ಕೊಡುತ್ತಲೇ ಇಬ್ಬರೂ ಒಂದೇ ಮಾತು ಹೇಳುತ್ತಿದ್ದರು: ಟಾಕಿಯಲ್ಲಿ ನೀರಿದೆ, ಅವರು ಬಿಡಿಸುತ್ತಿಲ್ಲ.

ಈ ಮಾತು ಎಲ್ಲಿ ಹುಟ್ಟಿತೆಂದು ಹೇಳಲಾರೆ. ಬಸ್‌ಸ್ಟ್ಯಾಂಡಿನ ಹತ್ತಿರ ಅಣ್ಣಾ ಮಾಡಿದ ಭಾಷಣದಲ್ಲಿ ಅದಕ್ಕೆ ರೆಕ್ಕೆ ಬಂತು. ಅಲ್ಲಿಂದ ಟಾಕಿ ಕಾಣುತ್ತದೆ. ಅವರು ಕೈಯೆತ್ತಿ ತೋರಿಸಿದರು. "ನೀವ ನೋಡ್ರಿ, ಮುಳ್ಳು ಎಲ್ಲೈತಿ? ತುದಿಗೆ ಐತಿ! ಟಾಕಿ ತುಂಬಿ ತುಳಕಾಕತ್ತೈತಿ, ನಮ್ಮ ಅವ್ವಗೋಳು ಖಾಲಿ ಕೊಡಾ ಹಿಡಕೊಂಡ ನಿಂತಾರ! ವಾಲ್ವ್ ಯಾರ ಬಂದ್ ಮಾಡಿಸ್ಯಾರ, ಅಧ್ಯಕ್ಷರನ ಕೇಳ್ರಿ!" ಮರುದಿನ ಅದೇ ಜಾಗದಲ್ಲಿ ಕಾಕಾ ಅದೇ ಮುಳ್ಳು ತೋರಿಸಿ, ವಾಲ್ವ್‌ಮನ್ ಅಣ್ಣಾನ ವಾರ್ಡಿನವನು ಎಂದು ನೆನಪಿಸಿದರು.

ನಾನು ಅಣ್ಣಾನ ಮನೆಗೆ ಹೋದೆ. ಬಾವಿಯ ಗಡಗಡಿಯ ಉದಾಹರಣೆ ಕೊಟ್ಟು, ಕೈಯಲ್ಲಿ ದಾರ ಹಿಡಿದು ತೋರಿಸಿದೆ. ಅವರು ಶಾಂತವಾಗಿ ಕೇಳಿ, ಅಡುಗೆಮನೆಗೆ ಕೂಗಿ ನನಗೆ ಮಜ್ಜಿಗೆ ತರಿಸಿದರು.

"ಮುಳ್ಳು ಉಲ್ಟಾ ಅಂತ ನನಗೂ ನಿನ್ನೆ ಯಾರೋ ಹೇಳಿದ್ರಿ ಮ್ಯಾಡಮ್. ಆದ್ರ ಭಾಷಣ ಮೊನ್ನೆ ಆಗಿಬಿಟ್ಟೈತಿ."

"ತಪ್ಪು ತಿಳ್ಕೊಂಡಿದ್ದೆ ಅಂತ ಒಂದು ಮಾತು ಹೇಳಿಬಿಡಿ ಅಣ್ಣಾ."

"ನಾ ಖಾಲಿ ಐತಿ ಅಂದ್ರ, ಕಾಕಾ ಏನಂತಾನ? ನೋಡ್ರಿ, ಅಣ್ಣಾ ಸುಳ್ಳ ಹೇಳಿದ್ದ ಅಂತಾನ. ಅಂವಾ ಮೊದಲ ಹೇಳ್ಲಿ. ನಾ ಹಿಂದ ಹೇಳ್ತೀನಿ."

ಕಾಕಾನ ಮನೆಯಲ್ಲಿ ಚಹಾ ಕೊಟ್ಟರು, ಉತ್ತರ ಇದೇ ಆಗಿತ್ತು.

ಸಭೆಯ ಮುಂದಿನ ನೋಟಿಸು ಮೇ ತಿಂಗಳ ಒಂದು ಸೋಮವಾರಕ್ಕಿತ್ತು. ಬೆಳಗ್ಗೆ ನಾನು ಕಚೇರಿಗೆ ಬಂದಾಗ ಆವರಣದಲ್ಲಿ ಆಗಲೇ ಜನ ತುಂಬಿದ್ದರು. ಹೆಂಗಸರ ಕೈಯಲ್ಲಿ ಕೊಡ, ಕೆಲವು ಹುಡುಗರ ಕೈಯಲ್ಲಿ ಕಬ್ಬಿನ ಗಳ. ಎರಡೂ ಗುಂಪಿನ ವಾರ್ಡಿನವರೂ ಇದ್ದರು. ಬಾಯಾರಿಕೆ ಅವರನ್ನು ಒಂದು ಮಾಡಿತ್ತು, ಆದರೆ ಬೈಗುಳ ಎರಡು ದಿಕ್ಕಿಗೆ ಹೋಗುತ್ತಿದ್ದವು. "ಪಾಣೀ ಕುಠೇ ಆಹೇ?" ಎಂದು ಒಬ್ಬ ಅಜ್ಜಿ ಮರಾಠಿಯಲ್ಲಿ ಒಂದೇ ಸಮ ಕೇಳುತ್ತಿದ್ದಳು. ನೀರು ಎಲ್ಲಿ? ಅವಳಿಗೆ ಯಾರ ಮೇಲೂ ಸಿಟ್ಟಿರಲಿಲ್ಲ, ಉತ್ತರ ಮಾತ್ರ ಬೇಕಿತ್ತು. ಬಂದೋಬಸ್ತಿಗೆ ಇಬ್ಬರು ಪೊಲೀಸರಿದ್ದರು. ಮುಖ್ಯಾಧಿಕಾರಿಗಳು ಇನ್ನಷ್ಟು ಜನರನ್ನು ಕಳಿಸಿರೆಂದು ಚಿಕ್ಕೋಡಿಗೆ ಫೋನು ಹಚ್ಚುತ್ತಿದ್ದರು. ರಸ್ತೆಯ ಆಚೆ ಎರಡು ಚಹಾದಂಗಡಿಗಳಲ್ಲಿ ಇಪ್ಪತ್ತೆರಡು ಸದಸ್ಯರು ಇಸ್ತ್ರಿ ಬಟ್ಟೆಯಲ್ಲಿ ಕೂತಿದ್ದರು.

ಆಗ ಪರಸಪ್ಪ ಸೈಕಲ್ಲಿನಲ್ಲಿ ಒಳಗೆ ಬಂದ. ಎಂದಿನಂತೆ ಕೆಲಸಕ್ಕೆ ಬಂದಿದ್ದ, ಅಷ್ಟೆ.

"ಬಂದಾ ನೋಡ್ರಿ, ಟಾಕಿ ಮಾಲಕ!"

"ಏ ಪರಸ್ಯಾ, ಯಾರ್ ಹೇಳ್ಯಾರಲೇ ನಿನಗ, ಬಂದ್ ಮಾಡಂತ?"

ಅವನು ನಗಲು ನೋಡಿದ. "ಎಪ್ಪಾ, ಟಾಕ್ಯಾಗ ಒಂದ ತಂಬಗಿ ನೀರಿಲ್ರಪೋ. ಇದ್ರ ಬಿಡ್ತಿರಲಿಲ್ಲೇನ ನಾ?" ಯಾರೋ ಅವನ ಸೈಕಲ್ ಕೆಡವಿದರು. ಚಾವಿ ಕಿತ್ತುಕೊಂಡರು. ಮೂವರು ಹುಡುಗರು ಟಾಕಿಯ ಬುಡದ ಮುಖ್ಯ ವಾಲ್ವಿಗೆ ಚಾವಿ ಹಾಕಿ ತಿರುವತೊಡಗಿದರು. ನಾನು ತಡೆಯಲಿಲ್ಲ. ತಿರುವಲಿ, ಕಣ್ಣಾರೆ ನೋಡಲಿ ಅಂದುಕೊಂಡೆ. ವಾಲ್ವ್ ತೆರೆಯಿತು. ಪೈಪಿನೊಳಗಿಂದ ಹಾವು ಬುಸುಗುಟ್ಟಿದ ಹಾಗೆ ಗಾಳಿಯ ಸದ್ದು ಬಂತು, ನೀರು ಬರಲಿಲ್ಲ. ಇನ್ನು ನಂಬುತ್ತಾರೆ ಅಂದುಕೊಂಡೆ. ಒಬ್ಬ ಹುಡುಗ ತಲೆಯೆತ್ತಿ ಮುಳ್ಳು ನೋಡಿದ. ಅದು ತುದಿಯಲ್ಲಿ ಕೆಂಪಗೆ ಹೊಳೆಯುತ್ತಿತ್ತು.

"ಇನ್ನೊಂದ ವಾಲ್ವ್ ಐತ್ಯೋ! ಮ್ಯಾಲ ಐತಿ! ಮ್ಯಾಲ ಬಂದ್ ಮಾಡ್ಯಾನ!"

ಮೊದಲ ಏಟು ಯಾರದೆಂದು ಗೊತ್ತಾಗಲಿಲ್ಲ. ಪರಸಪ್ಪನ ಹಣೆಯಿಂದ ರಕ್ತ ಬಂತು. ಅವನು ಹಿಂದೆ ಸರಿಯುತ್ತ ಸರಿಯುತ್ತ ಟಾಕಿಯ ಏಣಿ ಹಿಡಿದು, ಬೆಕ್ಕಿನ ಹಾಗೆ ಹತ್ತಿಬಿಟ್ಟ.

ಆ ಏಣಿಯ ಬಗ್ಗೆ ಹೇಳಬೇಕು. ಟಾಕಿಯ ಒಂದು ಕಂಬಕ್ಕೆ ಉದ್ದಕ್ಕೂ ಕ್ಲ್ಯಾಂಪು ಹಾಕಿ, ಬೋಲ್ಟು ಬಿಗಿದು ನಿಲ್ಲಿಸಿದ ಕಬ್ಬಿಣದ ಏಣಿ ಅದು. ಮೇಲೆ ಟಾಕಿಯ ಸುತ್ತ ಒಂದು ಕಿರಿದಾದ ಕಟ್ಟೆ, ಏಣಿ ಅಲ್ಲಿಗೆ ಮುಟ್ಟುತ್ತದೆ. ಬೇರೆ ದಾರಿಯಿಲ್ಲ. ಮೇಲಿನ ಕ್ಲ್ಯಾಂಪುಗಳಿಗೆ ತುಕ್ಕು ಹಿಡಿದಿತ್ತು. ಅವನ್ನು ಬದಲಿಸುವ ಕೆಲಸವನ್ನು ನಾನೇ ಎಸ್ಟಿಮೇಟಿನಲ್ಲಿ ಸೇರಿಸಿದ್ದೆ. ಅದೂ ಆ ಬಜೆಟ್ಟಿನೊಳಗೇ ಮಲಗಿತ್ತು. ಒಬ್ಬ ಮನುಷ್ಯ ಮೆಲ್ಲಗೆ ಹತ್ತಿ ಇಳಿಯಲು ಅಡ್ಡಿಯಿರಲಿಲ್ಲ. ಅಲುಗಾಡಿಸಿದರೆ ತಡೆಯುತ್ತಿರಲಿಲ್ಲ.

ಪರಸಪ್ಪ ಕಟ್ಟೆ ಮುಟ್ಟಿ, ಟಾಕಿಯ ಗೋಡೆಗೆ ಬೆನ್ನು ಕೊಟ್ಟು ಕೂಗಿದ. "ಖಾಲಿ ಐತ್ರಿ! ನಮ್ಮವ್ವನ ಆಣಿ, ಖಾಲಿ ಐತಿ! ಬಂದ ನೋಡ್ರಿ!" ಒಬ್ಬ ಹುಡುಗ ನಿಜವಾಗಿಯೂ ಹತ್ತತೊಡಗಿದ. ಮುಕ್ಕಾಲು ಏಣಿ ಹತ್ತಿದಾಗ ಏಣಿ ಕಂಬದಿಂದ ಒಂದು ಗೇಣು ದೂರ ಬಂದು ಮತ್ತೆ ಹೋಗಿ ಬಡಿಯಿತು. ಹುಡುಗ ಹೆದರಿ, ಜಾರಿಕೊಂಡೇ ಕೆಳಗೆ ಬಂದ. ಅವನ ಮುಖ ನೋಡಿದ್ದವರು ನಾಲ್ಕೈದು ಜನ ಮಾತ್ರ. ಉಳಿದವರು ಏಣಿಯ ಬುಡ ಹಿಡಿದು ಅಲ್ಲಾಡಿಸುತ್ತಿದ್ದರು. "ಇಳಿಯಲೇ! ಇಳಿದ ಬಿಡ ನೀರು!"

ನನ್ನ ಪಾದದ ಹತ್ತಿರ ಏನೋ ಬಿತ್ತು. ಒಂದು ಬೋಲ್ಟು. ಒಂದು ಕ್ಷಣ ಬಿಟ್ಟು ಇನ್ನೊಂದು.

ನಾನು ಏಣಿಗೆ ಬೆನ್ನು ಕೊಟ್ಟು, ಎರಡೂ ಕೈ ಹಿಂದಕ್ಕೆ ತಂದು ಕಂಬಿಗಳನ್ನು ಹಿಡಿದು ನಿಂತೆ. ಧೈರ್ಯದಿಂದಲ್ಲ. ಆ ಏಣಿ ಏನಾಗುತ್ತದೆಂದು ಅಲ್ಲಿ ನನಗೆ ಮಾತ್ರ ಕಾಣುತ್ತಿತ್ತು, ಬೇರೇನು ಮಾಡಬೇಕೆಂದು ತೋಚಲಿಲ್ಲ. ಏಣಿ ಕಳಚಿದರೆ ಅದರ ತುದಿ ಕಟ್ಟೆಯ ಅಂಚನ್ನು ಕಿತ್ತುಕೊಂಡೇ ಬರುತ್ತಿತ್ತು, ಪರಸಪ್ಪ ಕೂತಿದ್ದು ಅಲ್ಲೇ. ಇಳಿದು ಬಾ ಎಂದು ಅವನಿಗೆ ಹೇಳುವ ಹಾಗೂ ಇರಲಿಲ್ಲ. ಜನ ಏಣಿ ಬಿಟ್ಟು ದೂರ ಹೋಗಬೇಕು, ಅದು ಅಲುಗದೆ ನಿಲ್ಲಬೇಕು, ಆಗ ಮಾತ್ರ ಅವನು ಜೀವಂತ ಇಳಿಯುವುದು ಸಾಧ್ಯ.

"ಮ್ಯಾಡಮ್, ಸರೀರಿ. ಹೆಣ್ಮಕ್ಕಳ ಮ್ಯಾಲ ಕೈ ಮಾಡಾವ್ರಲ್ಲ ನಾವು" ಎಂದ ಒಬ್ಬ ಮೀಸೆಯವನು. ದಿನಾ ನಮ್ಮ ಮನೆಗೆ ಹಾಲು ತರುತ್ತಿದ್ದವನೇ.

"ಮೇಲಿರುವವನಿಗೂ ಮನೇಲಿ ಹೆಣ್ಣುಮಕ್ಕಳಿದ್ದಾರೆ. ಏಣಿ ಬೋಲ್ಟು ಕಳಚಿ ಬೀಳ್ತಾ ಇದೆ, ನೋಡಿ!"

"ನೀರ ಬಿಡ್ಸರಿ ಮೊದಲ. ಆಮ್ಯಾಲ ಬೋಲ್ಟಿಂದ ನೋಡೂಣು."

ನಾನು ಮುಳ್ಳಿನ ಲೆಕ್ಕ ಹೇಳಿದೆ. ಕೂಗಿ ಹೇಳಿದೆ. ಇಂಥ ಹೊತ್ತಿನಲ್ಲಿ, ಮೇಲಿದ್ದರೆ ಖಾಲಿ, ಕೆಳಗಿದ್ದರೆ ತುಂಬಿದೆ ಎಂದು ಕೂಗುವ ಹೆಂಗಸಿನ ಮಾತು ಯಾರಿಗೆ ನಿಜ ಅನ್ನಿಸೀತು? "ಕೇಳ್ರಪ್ಪೋ, ಮ್ಯಾಡಮ್‌ರ ಲೆಕ್ಕದಾಗ ಹೊಟ್ಟಿ ತುಂಬಿದಾಂವ ಉಪಾಸ ಅದಾನಂತ" ಎಂದು ಒಬ್ಬ ನಕ್ಕ. ಹಲವರು ನಕ್ಕರು. ನಗುತ್ತಲೇ ಏಣಿ ಅಲ್ಲಾಡಿಸಿದರು. ಆ ನಗು ನನಗೆ ಬೈಗುಳಕ್ಕಿಂತ ಹೆಚ್ಚು ನೆನಪಿದೆ.

ಆಗ ರಸ್ತೆಯ ಆಚೆ ನಡೆದದ್ದನ್ನು ನನಗೆ ನಂತರ ಹೇಳಿದವನು ಅಣ್ಣಾ ಗುಂಪು ಕೂರುತ್ತಿದ್ದ ಚಹಾದಂಗಡಿಯ ಮಾಲೀಕ. ಅಣ್ಣಾ ಗುಂಪಿನಲ್ಲಿ ಶೇವಂತಾಬಾಯಿ ಎಂಬ ಸದಸ್ಯೆ ಇದ್ದರು. ಬೀಡಿ ಕಟ್ಟಿ ಸಂಸಾರ ನಡೆಸಿದ ವಿಧವೆ, ಮೀಸಲು ವಾರ್ಡಿನಿಂದ ಗೆದ್ದವರು. ಒಬ್ಬನೇ ಮಗ, ಲಾರಿ ಡ್ರೈವರ್. ತಂಬಾಕು ಹೇರಿಕೊಂಡು ಘಟ್ಟ ಇಳಿದು ಕೊಂಕಣಕ್ಕೆ ಹೋಗುತ್ತಿದ್ದ. ಸಭೆಗಳಲ್ಲಿ ಶೇವಂತಾಬಾಯಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅಣ್ಣಾ ಕೈಯೆತ್ತಿದರೆ ಕೈಯೆತ್ತುತ್ತಿದ್ದರು.

"ಅಣ್ಣಾ, ಹೋಗಿ ಒಂದ ಮಾತ ಹೇಳ್ರಿ. ನಿಮ್ಮ ಮಾತ ಕೇಳ್ತಾರ. ಅಂವಾ ಬೀಳ್ತಾನ್ರಿ."

ಅಣ್ಣಾ ಚಹಾದ ಕಪ್ಪು ಕೆಳಗಿಟ್ಟರಂತೆ. "ನಾ ಈಗ ಒಳಗ ಹೋದ್ನಂದ್ರ ದರಾ ಏರಿಸಿದ್ದು ನಾ ಆಗ್ತೀನಿ ಶೇವಂತಕ್ಕಾ. ಕಾಕಾ ಯಾಕ ಏಳವಲ್ಲಾ? ಅವನ್ದ ಅಧ್ಯಕ್ಷ ಅದಾನಲಾ?"

"ಕಾಕಾನೂ ಹಿಂಗ ಅನ್ನಾಕತ್ತಿರ್ತಾನ್ರಿ."

"ಕುಂಡ್ರು. ಆಣಿ ಮಾಡೀವಿ."

"ಹೂಂ ರೀ. ಮಾಡೀನಿ" ಅಂದವರೇ ಎದ್ದರು. ಸೆರಗು ತಲೆಯ ಮೇಲೆ ಎಳೆದುಕೊಂಡು ರಸ್ತೆ ದಾಟಿದರು.

ಅವರು ಗುಂಪಿನೊಳಗೆ ನುಗ್ಗಿ ಬಂದದ್ದನ್ನು ನಾನು ಕಂಡೆ. ಏಣಿಯ ಬುಡದಲ್ಲಿ ನಿಂತು ಮೇಲೆ ನೋಡಿದರು. "ಪರಸೂ! ಗ್ವಾಡಿಗಿ ಅಂಟಿ ಕುಂಡ್ರು. ಕೆಳಗ ನೋಡಬ್ಯಾಡ. ನಾ ಹೊಂಟೀನಿ." ಅವನು ಏನೆಂದನೋ ಕೇಳಲಿಲ್ಲ. ಶೇವಂತಾಬಾಯಿ ಸಭಾಂಗಣದ ಮೆಟ್ಟಿಲು ಹತ್ತಿ, ಹೊಸ್ತಿಲ ಮುಂದೆ ನಿಂತರು. ತಿರುಗಿದರು. ಅಷ್ಟು ಸಣ್ಣ ದೇಹದಿಂದ ಅಷ್ಟು ದೊಡ್ಡ ದನಿ ಬಂದೀತೆಂದು ನಾನು ಅಂದುಕೊಂಡಿರಲಿಲ್ಲ.

"ಎಲ್ಲಾರೂ ಈ ಕಡೆ ನೋಡ್ರಿ! ಅಣ್ಣಾನ ಗುಂಪಿನ್ಯಾಕಿ, ಭಂಡಾರಾ ಮುಟ್ಟಿದಾಕಿ, ನಾ ಮೊದಲ ಒಳಗ ಹೊಂಟೀನಿ! ಮರಾಠ್ಯಾಗೂ ಹೇಳ್ತೀನಿ ಕೇಳ್ರಿ, ಮೀ ಆತ ಚಾಲ್ಲೇ! ದರಾ ಏರಿಸಿದಾಕಿ ಶೇವಂತಿ ಅಂತ ಬರಕೋರಿ! ನೀರಿನ ಮೋಟರ್ ಈಗ ಮಂಜೂರ ಆಗ್ತೈತಿ, ಬಂದ ಕಿಡಕ್ಯಾಗ ನಿಂತ ನೋಡ್ರಿ!"

ಒಂದು ಗಳಿಗೆ ಆಕೆ ಕೈಮುಗಿದು ಕಣ್ಣು ಮುಚ್ಚಿದ್ದನ್ನು ಕಂಡೆ. ಆಮೇಲೆ ಹೊಸ್ತಿಲು ದಾಟಿದರು.

ರಸ್ತೆಯ ಆಚೆಯಿಂದ ಕೂಗು ಬಂತು. "ಹೋದ್ಲು! ಅವರ್ಯಾಕಿ ಹೋದ್ಲು!" ಕಾಕಾ ಗುಂಪಿನ ಹನ್ನೊಂದೂ ಜನ ಬೆಂಚು ಕೆಡವಿ ಎದ್ದರು. ಅವರ ಆಣೆ ಈಗ ಅವರನ್ನು ಬಿಟ್ಟಿತ್ತು, ಎದುರಿನವರು ಮೊದಲು ಹೋಗಿಯಾಗಿತ್ತು. ಅಧ್ಯಕ್ಷರು ಚಪ್ಪಲಿ ಹುಡುಕದೆ ಬರಿಗಾಲಲ್ಲಿ ಓಡಿ ಬಂದರು. ಅಣ್ಣಾ ಒಂದು ಕ್ಷಣ ನಿಂತ ಜಾಗದಲ್ಲೇ ನಿಂತರಂತೆ. ದರ ಏರಿಸಿದ ಅಪವಾದ ಹೇಗೂ ತಲೆಗೆ ಬಂತು, ನೀರು ತಂದ ಪುಣ್ಯವನ್ನಾದರೂ ಬಿಡಬಾರದು ಎಂಬ ಲೆಕ್ಕಕ್ಕೆ ಅವರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಅವರ ಗುಂಪೂ ಓಡಿತು. ಎರಡು ತಿಂಗಳು ಯಾರೂ ದಾಟದ ಬಾಗಿಲಲ್ಲಿ ಇಪ್ಪತ್ತೊಂದು ಜನ ಒಬ್ಬರನ್ನೊಬ್ಬರು ನೂಕುತ್ತ ಒಳಗೆ ಹೋದರು.

ಜನ ಏಣಿ ಬಿಟ್ಟರು. ನಾನು ನಂಬಲಿಲ್ಲ, ಮತ್ತೊಮ್ಮೆ ತಿರುಗಿ ನೋಡಿದೆ. ಕೊಡ ಹಿಡಿದವರು, ಕಬ್ಬಿನ ಗಳ ಹಿಡಿದವರು, ಎಲ್ಲರೂ ಸಭಾಂಗಣದ ಕಿಟಕಿಗಳ ಕಡೆ ಹರಿದುಹೋದರು. ಯಾರೂ ಅವನನ್ನು ಕ್ಷಮಿಸಿರಲಿಲ್ಲ. ಅವನನ್ನು ಮರೆತಿದ್ದರು, ಅಷ್ಟೆ.

ಇಬ್ಬರು ಪೊಲೀಸರು, ಆ ಮೀಸೆಯವನು, ನಾನು ಏಣಿಯನ್ನು ಕಂಬಕ್ಕೆ ಒತ್ತಿ ಹಿಡಿದೆವು. ಚಹಾದಂಗಡಿಯವನು ರಸ್ತೆಯ ಬದಿಗೆ ನಿಂತಿದ್ದ ಕಬ್ಬಿನ ಟ್ರೇಲರಿನಿಂದ ಹಗ್ಗ ಬಿಚ್ಚಿ ತಂದು ಬಿಗಿದ. ಪರಸಪ್ಪ ಇಳಿಯತೊಡಗಿದ. ನಾನು ಇಂದಿಗೂ ಮತ್ತೆ ಮತ್ತೆ ನೋಡುವುದು ಆ ಇಳಿಯುವಿಕೆಯನ್ನೇ. ಒಂದು ಕಾಲು ಗಾಳಿಯಲ್ಲಿ ಮೆಟ್ಟಿಲು ಹುಡುಕುತ್ತದೆ, ಸಿಗುವುದಿಲ್ಲ, ಹಿಂದಕ್ಕೆ ಹೋಗುತ್ತದೆ, ಮತ್ತೆ ಹುಡುಕುತ್ತದೆ. ಕನಸಿನಲ್ಲಿ ಆ ಕಾಲಿಗೆ ಮೆಟ್ಟಿಲು ಸಿಗುವ ಮುಂಚೆ ನನಗೆ ಎಚ್ಚರವಾಗುತ್ತದೆ. ಆ ದಿನ ಸಿಕ್ಕಿತು. ಒಂದೊಂದಾಗಿ ಎಲ್ಲ ಮೆಟ್ಟಿಲೂ ಸಿಕ್ಕವು. ನೆಲ ಮುಟ್ಟಿದವನೇ ಕೂತುಬಿಟ್ಟ. ಮೀಸೆಯವನು ತನ್ನ ಟವೆಲ್ ಬಿಚ್ಚಿ ಅವನ ಹಣೆಗೆ ಒತ್ತಿ ಹಿಡಿದ. ನೀರು ಎಲ್ಲಿ ಎಂದು ಕೇಳುತ್ತಿದ್ದ ಅಜ್ಜಿ ಕಬ್ಬಿಣದ ಚಾವಿಯನ್ನು ಎಳೆದುಕೊಂಡು ಬಂದು ಅವನ ಮಗ್ಗುಲಲ್ಲಿ ಇಟ್ಟಳು.

ಸಭೆ ಬೇಗ ಮುಗಿಯಿತು. ಬಜೆಟ್, ದರ, ಮೋಟರ್, ಏಣಿ, ಎಲ್ಲ ಮಂಜೂರಾದವು. ದರ ಏರಿಕೆಗೆ ಅಣ್ಣಾ ಗುಂಪಿನವರೇ ಮೊದಲು ಬಂದದ್ದು ಕಾರಣವೆಂದು ಕಾಕಾ ಮಾತಾಡಿದರು. ನೀರಿಗಾಗಿ ಮೊದಲು ಬಂದವರು ನಾವೇ ಎಂದು ಅಣ್ಣಾ ಮಾತಾಡಿದರು. ಹೊಸ ಮೋಟರ್ ಕೂತು ನೀರು ಬಂದ ದಿನ ಬಸ್‌ಸ್ಟ್ಯಾಂಡಿನಲ್ಲಿ ಎರಡು ಬ್ಯಾನರ್ ಎದ್ದವು. ಒಂದರಲ್ಲಿ ಅಣ್ಣಾ, ಇನ್ನೊಂದರಲ್ಲಿ ಕಾಕಾ, ಇಬ್ಬರೂ ನೀರು ತಂದ ಭಗೀರಥರೇ. ಶೇವಂತಾಬಾಯಿಯ ಫೋಟೋ ಯಾವುದರಲ್ಲೂ ಇರಲಿಲ್ಲ. ಮುಂದಿನ ಚುನಾವಣೆಯಲ್ಲಿ ಟಿಕೆಟ್ಟೂ ಸಿಗಲಿಲ್ಲ. ಆದರೆ ಒಂದನ್ನು ಹೇಳಲೇಬೇಕು. ಆ ಸಂಜೆ ಅಣ್ಣಾ ಒಬ್ಬರೇ ಪರಸಪ್ಪನ ಮನೆಗೆ ಹೋಗಿ, ಹೊಲಿಗೆ ಹಾಕಿದ ಅವನ ಹಣೆ ನೋಡಿ, ಕೂತು ಬಂದರು. ಮರುದಿನ ಕಾಕಾ ಹೋದರು. ಇಬ್ಬರಿಗೂ ನಿಜವಾಗಿ ದುಃಖವಾಗಿತ್ತು. ಎದುರಿನವರ ಮುಂಚೆ ಅದನ್ನು ಹೇಳುವುದು ಮಾತ್ರ ಇಬ್ಬರಿಗೂ ಆಗಲಿಲ್ಲ.

ಶೇವಂತಾಬಾಯಿಯನ್ನು ನಾನು ಮನೆಗೆ ಹೋಗಿ ಕಂಡೆ. ಮುಂದಿದ್ದ ಮೊರದಲ್ಲಿ ಕತ್ತರಿಸಿಟ್ಟ ಬೀಡಿಯ ಎಲೆ ಹಾಗೇ ಒಣಗಿದ್ದವು. ಸಭೆಯ ದಿನ ಮಗ ಘಟ್ಟದ ಕೆಳಗಿದ್ದನಂತೆ, ಅವನು ಕ್ಷೇಮವಾಗಿ ಮರಳಿ ಬರುವ ತನಕ ಆಕೆಗೆ ಅನ್ನ ಇಳಿದಿರಲಿಲ್ಲ. "ಮಗನ ತಲಿ ಮ್ಯಾಲ ಆಣಿ ಮಾಡಿದ್ನೆಲ್ರಿ" ಎಂದರು. ಹೆದರಿಕೆ ಆಗಲಿಲ್ಲವೇ ಎಂದೆ.

"ಆತ್ರಿ. ಈಗೂ ಆಗ್ತೈತಿ. ದೇವ್ರಿಗೆ ಹೇಳೀನಿ, ಹಿಂಗ ಹಿಂಗ ಆಗಿತ್ತಪಾ ಅಂತ. ಅವನೂ ಒಬ್ಬಾಕಿ ಮಗಾನ ಅಲ್ರಿ, ಟಾಕಿ ಮ್ಯಾಲ ನಿಂತಾಂವ?"

ನನ್ನ ಕೆಲಸ ನನಗೆ ಕಲಿಸಿದ್ದು ಇದು. ಸರ್ಕಾರದ ಯಂತ್ರ ನಿಂತಾಗ ನಿಲ್ಲಿಸಿದವರು ಯಾರೆಂದು ಎಲ್ಲರೂ ಮೇಲೆ ನೋಡಿ ಹುಡುಕುತ್ತಾರೆ. ಅಪವಾದ ಮಾತ್ರ ನೀರಿನ ಹಾಗೆ ಇಳಿಜಾರಿಗೆ ಹರಿದು, ಚಾವಿ ಹಿಡಿದು ನಿಂತಿರುವ ಕೊನೆಯವನನ್ನು ಮುಟ್ಟುತ್ತದೆ. ಅಂದಿನಿಂದ ಯಾವ ಊರಿಗೆ ಹೋದರೂ ನಾನು ಮೊದಲು ಮಾಡಿಸುವ ಕೆಲಸ ಒಂದೇ. ಟಾಕಿಯ ಮುಳ್ಳಿನ ಪಕ್ಕ, ರಸ್ತೆಗೆ ಕಾಣುವ ಹಾಗೆ, ಕನ್ನಡದಲ್ಲೂ ಮರಾಠಿಯಲ್ಲೂ ದೊಡ್ಡದಾಗಿ ಬರೆಸುತ್ತೇನೆ: ಮೇಲೆ 'ಖಾಲಿ', ಕೆಳಗೆ 'ತುಂಬಿದೆ'.

ಪರ್ಯಾಯ ಕೆಲಸ ಕೊಡುತ್ತೇನೆಂದರೂ ಪರಸಪ್ಪ ಚಾವಿ ಬಿಡಲಿಲ್ಲ. ನಾನು ವರ್ಗವಾಗಿ ಹೋಗುವ ತನಕ ನೀರು ಬಿಡುತ್ತಲೇ ಇದ್ದ. ಆದರೆ ಗಂಟೆ ಬಾರಿಸುವುದನ್ನು ಬಿಟ್ಟಿದ್ದ. ಸದ್ದಿಲ್ಲದೆ ಓಣಿಗೆ ಬಂದು, ವಾಲ್ವ್ ತಿರುವಿ, ಯಾರ ಮುಖವನ್ನೂ ನೋಡದೆ ಹೋಗುತ್ತಿದ್ದ. ಮೊದಲು ಬರುವ ನೀರು ಮಣ್ಣಿಗೆ ಹೋಗುತ್ತಿತ್ತು. ಹೆಂಗಸರು ನನ್ನಲ್ಲಿ ದೂರಿದರು, ನಾನು ಅವನನ್ನು ಏನೂ ಕೇಳಲಿಲ್ಲ. ಒಂದು ಬೆಳಗ್ಗೆ ಪೈಪಿನ ಸೋರಿಕೆ ನೋಡಲು ಬೀಡಿ ಕಟ್ಟುವವರ ಓಣಿಗೆ ಹೋಗಿದ್ದೆ. ಪರಸಪ್ಪ ಬಂದ. ನನ್ನನ್ನು ನೋಡಲಿಲ್ಲ. ಶೇವಂತಾಬಾಯಿಯ ಮನೆಯ ಎದುರು ಸೈಕಲ್ ನಿಲ್ಲಿಸಿ ಎರಡು ಸಲ ಗಂಟೆ ಬಾರಿಸಿದ. ಒಳಗಿನಿಂದ ಕೊಡದ ಸದ್ದು ಕೇಳುವ ತನಕ ಕಾದ. ಆಮೇಲೆ ಚಾವಿ ತಿರುವಿದ.